ಕರಡಿಗೆಯೊಳಗಿನ ಅಡಿಕೆ

ಕಂಪ್ಲಿಯ ಜಡೆಪ್ಪನಿಗೆ ಬಿಳಿ ಬಟ್ಟೆಯ ಹುಚ್ಚು. ಭತ್ತದ ದಲಾಲಿ ಮಾಡುವ ಮನುಷ್ಯ, ಬೆಳಗಿನಿಂದ ಸಂಜೆಯವರೆಗೆ ರೈಸ್ ಮಿಲ್ಲುಗಳ ತೌಡಿನ ಧೂಳಿನಲ್ಲೇ ಓಡಾಟ. ಆದರೂ ಮನೆಗೆ ತಿರುಗಿ ಬರುವಾಗ ಪಂಚೆಯ ಮೇಲೆ ಒಂದು ಕಲೆ ಇರಬಾರದು. ಯಾರ ಮನೆಗೆ ಹೋದರೂ ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿಯೇ ಕೂರುವನು. ಆ ಮನೆಯ ಹೆಣ್ಣುಮಕ್ಕಳಿಗೆ ಹೇಗೆನಿಸೀತು ಎಂಬ ಯೋಚನೆ ಅವನ ತಲೆಗೆ ಒಂದು ದಿನವೂ ಬಂದದ್ದಿಲ್ಲ. ಬಿಳಿ ಪಂಚೆ, ಬಿಳಿ ಅಂಗಿ, ಅಂಗಿಯ ಮೇಲೆ ಎದೆಯ ನಟ್ಟನಡುವೆ ಬೆಳ್ಳಿಯ ಕರಡಿಗೆ. ಇಷ್ಟಲಿಂಗ ಇಟ್ಟುಕೊಳ್ಳುವ ಆ ಪುಟ್ಟ ಡಬ್ಬಿಯನ್ನು ಊರಿನ ಉಳಿದವರೆಲ್ಲ ಅಂಗಿಯೊಳಗೆ ಇಟ್ಟುಕೊಂಡು ಸುಮ್ಮನಿದ್ದರೆ, ಜಡೆಪ್ಪ ಅದನ್ನು ವಿಭೂತಿಯಿಂದ ತಿಕ್ಕಿ ತಿಕ್ಕಿ ಹೊಳಪು ಬರಿಸಿ, ಹೊರಗೆ ಇಳಿಬಿಟ್ಟುಕೊಂಡು ತಿರುಗುತ್ತಿದ್ದ.

ಕೆಟ್ಟ ಮನುಷ್ಯನೇನಲ್ಲ. ಒಂದು ಭತ್ತದ ಕಾಳು ಬಾಯಿಗೆ ಹಾಕಿ ಕಟ್ಟನೆ ಕಡಿದು "ಇನ್ನಾ ಹಸಿ ಐತಿ" ಎಂದರೆ ಮಿಲ್ಲಿನವರೂ ಒಪ್ಪುತ್ತಿದ್ದರು, ರೈತರೂ ಒಪ್ಪುತ್ತಿದ್ದರು. ಆದರೆ ಮರ್ಯಾದೆ ಅನ್ನುವ ಶಬ್ದ ಅವನ ಬಾಯಲ್ಲಿ ಎಲೆಅಡಿಕೆಯಂತೆ ಯಾವಾಗಲೂ ಇರಬೇಕು. ಮದುವೆಗೆ ಹೋದರೆ ಮೊದಲ ಪಂಕ್ತಿಯಲ್ಲೇ ಕೂರಬೇಕು. ಎರಡನೆಯ ಪಂಕ್ತಿಯಲ್ಲಿ ಕೂರಿಸಿದರೆಂದು ಹಂಪಿಯ ಬೀಗರ ಮನೆಗೆ ಅವನು ಕಾಲಿಡುವುದನ್ನೇ ಬಿಟ್ಟಿದ್ದ.

ಇಂಥ ಮನುಷ್ಯನಿಗೆ ಒಂದು ಬೆಳಿಗ್ಗೆ ಸಂಡಾಸಿನಲ್ಲಿ ರಕ್ತ ಕಂಡಿತು.

ಮೂಲವ್ಯಾಧಿ ಎಂದು ಅವನೇ ತೀರ್ಮಾನ ಮಾಡಿಕೊಂಡ. ಯಾರಿಗೆ ಹೇಳುವುದು? ಕಂಪ್ಲಿಯ ಡಾಕ್ಟರಿಗೆ ಹೇಳಿದರೆ ಕಾಂಪೌಂಡರನಿಗೆ ಗೊತ್ತಾಗುತ್ತದೆ, ಕಾಂಪೌಂಡರನಿಗೆ ಗೊತ್ತಾದರೆ ಚಹಾದಂಗಡಿಗೆ, ಚಹಾದಂಗಡಿಗೆ ಗೊತ್ತಾದ ಮೇಲೆ ಇನ್ನು ಉಳಿಯುವುದೇನು? ಜಡೆಪ್ಪನ ಹಿಂಭಾಗದ ಸಮಾಚಾರ ಮಿಲ್ಲಿನ ಹಮಾಲರ ಬಾಯಿಗೆ ಬೀಳುವುದನ್ನು ನೆನೆಸಿಕೊಂಡೇ ಅವನ ಕಿವಿಗಳು ಕೆಂಪಗಾದವು. ಹೆಂಡತಿ ಕೊಟ್ರಬಸಮ್ಮನಿಗೂ ಹೇಳಲಿಲ್ಲ. ಸಂಡೂರಿನಲ್ಲಿ ಹುಸೇನಪ್ಪ ಎಂಬವನು ಮೂಲವ್ಯಾಧಿಗೆ ಸೊಪ್ಪಿನ ರಸ ಕೊಡುತ್ತಾನೆಂದು ಕೇಳಿದ್ದ. ಪರಊರು, ಪರಜನ, ಗುರುತಿನ ಮುಖವಿಲ್ಲ. ಬಸ್ಸು ಹತ್ತಿದ.

"ಭತ್ತ ನೋಡಾಕ ಸಂಡೂರಿಗೆ ಹೋಗಿದ್ದೆ" ಎಂದು ಮನೆಯಲ್ಲಿ ಹೇಳಿದ.

"ಸಂಡೂರಾಗ ಭತ್ತ ಯಾರು ಬೆಳೀತಾರ್ರೀ? ಅಲ್ಲಿ ಬೆಳೆಯೋದು ಬರೇ ಲಾರಿ" ಎಂದಳು ಕೊಟ್ರಬಸಮ್ಮ. ಅವಳ ಬಾಯಿ ಹಾಗೇ. ಜಡೆಪ್ಪ ಕೇಳಿಸದವನಂತೆ ಒಳಗೆ ನಡೆದ.

ಹೋಗಿ ಬಂದು, ಹೋಗಿ ಬಂದು, ವರ್ಷದ ಹತ್ತಿರ ಬಂತು. ಸಂಡೂರಿನ ದಾರಿ ಅವನಿಗೆ ಇನ್ನೊಂದು ರೀತಿಯಲ್ಲೂ ಅನುಕೂಲವಾಗಿತ್ತು. ಅದಿರಿನ ಲಾರಿಗಳು ಎಬ್ಬಿಸುವ ಕೆಂಪು ಧೂಳು ಬಿಳಿ ಪಂಚೆಗೆ ಹತ್ತಿದರೆ ಸುಲಭಕ್ಕೆ ಬಿಡುವುದಿಲ್ಲ ಎಂಬುದು ಈ ಸೀಮೆಯವರಿಗೆಲ್ಲ ಗೊತ್ತು. ಪಂಚೆಯ ಹಿಂದೆ ಕೆಂಪು ಕಂಡಾಗಲೆಲ್ಲ "ಹಾಳಾದ್ದು ಸಂಡೂರಿನ ಧೂಳು" ಎಂದು ಬೈದು ಒಗೆಯಲು ಹಾಕಿಬಿಡುತ್ತಿದ್ದ. ಅದಿರಿನ ಧೂಳು ಯಾವುದು, ರಕ್ತ ಯಾವುದು ಎಂದು ಬಟ್ಟೆ ಒಗೆಯುವ ಹೆಂಗಸಿಗೆ ತಿಳಿಯುವುದಿಲ್ಲವೇ? ಕೊಟ್ರಬಸಮ್ಮನಿಗೆ ತಿಳಿದಿತ್ತು. ಅವಳೂ ಮೂಲವ್ಯಾಧಿಯೆಂದೇ ತಿಳಿದಳು. ಗಂಡ ನಾಚಿಕೊಂಡು ಮುಚ್ಚಿಡುತ್ತಿರುವುದನ್ನು ತಾನು ಎತ್ತಿ ಆಡಿ ಅವನ ಮುಖ ಇಳಿಸುವುದೇಕೆಂದು, ತಣ್ಣೀರಿನಲ್ಲಿ ನೆನೆಸಿ ತಿಕ್ಕಿ, ಬಿಳಿ ಮಾಡಿ, ಇಸ್ತ್ರಿಗೆ ಕೊಟ್ಟಳು. ಇಷ್ಟೊಂದು ಮರ್ಯಾದಸ್ಥರ ಮನೆಯಲ್ಲಿ ಕಾಯಿಲೆಗೆ ಬೆಳೆಯಲು ಬೇಕಾದಷ್ಟು ಜಾಗ ಸಿಕ್ಕಿತು.

ಗುಟ್ಟು ರಟ್ಟಾದದ್ದು ಹೊಸಪೇಟೆಯ ಒಂದು ಮದುವೆಯಲ್ಲಿ, ಅದೂ ಮೊದಲ ಪಂಕ್ತಿಯಲ್ಲಿ. ಕೆಲವು ದಿನಗಳಿಂದ ಹೊಟ್ಟೆ ಕಲ್ಲಿನಂತಾಗಿತ್ತು, ಹೊರಗೆ ಹೋಗುವುದು ನಿಂತೇಹೋಗಿತ್ತು. ಆದರೂ ಬಂದು ಕೂತಿದ್ದ, ಬರದಿದ್ದರೆ ಜನ ಏನೆಂದಾರು? ಎಲೆಯ ಮೇಲೆ ಹೋಳಿಗೆ ಬಿದ್ದಿತು, ತುಪ್ಪ ಬಿದ್ದಿತು. ಜಡೆಪ್ಪನ ಹಣೆಯ ಮೇಲೆ ಬೆವರು ಒಡೆಯಿತು. ಏಳಲು ಹೋದವನು ಎದ್ದು ನಿಲ್ಲಲಾರದೆ, ನೂರಾರು ಜನರ ಎದುರಿಗೆ, ತನ್ನ ಬಿಳಿ ಅಂಗಿಯ ಮೇಲೆ, ಬೆಳ್ಳಿಯ ಕರಡಿಗೆಯ ಮೇಲೆ, ಮುಂದಿದ್ದ ಎಲೆಯ ಮೇಲೆ ವಾಂತಿ ಮಾಡಿಕೊಂಡ. ಹೊಸಪೇಟೆಗೇ ಮದುವೆ ಮಾಡಿ ಕೊಟ್ಟಿದ್ದ ಮಗಳು ಕಾವ್ಯ, ಹೈಸ್ಕೂಲ್ ಟೀಚರು, ಹೆಂಗಸರ ಪಂಕ್ತಿಯಿಂದ ಓಡಿ ಬಂದಳು. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದರು. ದಾರಿಯುದ್ದಕ್ಕೂ ಜಡೆಪ್ಪ ನೋವಿಗಿಂತ ಹೆಚ್ಚಾಗಿ ಆ ಎಲೆಯನ್ನು ಯಾರು ಎತ್ತಿದರೋ ಎಂದು ಸಂಕಟಪಡುತ್ತಿದ್ದ.

ದೊಡ್ಡ ಕರುಳಿನಲ್ಲಿ ಗಂಟು ಬೆಳೆದು ದಾರಿ ಮುಚ್ಚಿತ್ತು. ಕ್ಯಾನ್ಸರ್. ಅಂದೇ ಹೊಟ್ಟೆ ಕೊಯ್ದು ಗಂಟು ತೆಗೆದರು, ಕರುಳಿನ ತುದಿಯನ್ನು ಹೊಟ್ಟೆಯ ಎಡಗಡೆ ಹೊರಕ್ಕೆ ತಂದು ಹೊಲಿದರು, ಅದಕ್ಕೊಂದು ಪ್ಲಾಸ್ಟಿಕ್ ಚೀಲ ಅಂಟಿಸಿದರು. ಇನ್ನು ಸದ್ಯಕ್ಕೆ ಹೊರಗೆ ಹೋಗುವುದೆಲ್ಲ ಅದರಲ್ಲೇ. ಸರ್ಜನ್ ತಾಯಿ ಮಗಳನ್ನು ಪಕ್ಕಕ್ಕೆ ಕರೆದು ಇನ್ನೊಂದು ಮಾತು ಹೇಳಿದರು. ಸ್ಕ್ಯಾನಿನಲ್ಲಿ ಲಿವರಿನ ಬಲಗಡೆಯೂ ಎರಡು ಕಲೆ ಕಾಣುತ್ತಿವೆ, ಕರುಳಿನದೇ ಅಲ್ಲಿಗೆ ಹರಡಿದೆ, ಕೀಮೋ ಕೊಟ್ಟು ನೋಡೋಣ, ಅವು ಕುಗ್ಗಿದರೆ ಆ ಭಾಗವನ್ನೂ ಕತ್ತರಿಸಿ ತೆಗೆಯಬಹುದು, ಕುಗ್ಗದಿದ್ದರೆ ಕಷ್ಟ.

"ಅಪ್ಪಗ ಇದನ್ನ ಈಗ ಹೇಳೋದು ಬ್ಯಾಡವ್ವಾ, ಎದಿ ಒಡಕೊಂಡು ಬಿಡ್ತಾನ" ಎಂದಳು ಕಾವ್ಯ. ಕೊಟ್ರಬಸಮ್ಮ ತಲೆಯಾಡಿಸಿದಳು. ಕೀಮೋ ಎಂಬುದು ಗಂಟು ಮತ್ತೆ ಬರದಿರಲೆಂದು ಹಾಕುವ ಸಲೈನ್ ಎಂದು ಇಬ್ಬರೂ ಸೇರಿ ಅವನನ್ನು ನಂಬಿಸಿದರು.

ಇತ್ತ ಎಚ್ಚರವಾದ ಜಡೆಪ್ಪ ಹೊದಿಕೆ ಸರಿಸಿ ನೋಡಿಕೊಂಡ. ಹೊಕ್ಕುಳ ಪಕ್ಕದಲ್ಲಿ ಚೀಲ. ಚೀಲದಲ್ಲಿ ತನ್ನದೇ ಹೊಲಸು. ಕಾವ್ಯ ತನ್ನ ಪರ್ಸಿನಲ್ಲಿ ಜೋಪಾನ ಮಾಡಿದ್ದ ಕರಡಿಗೆಯನ್ನು ತೆಗೆದು ಪ್ರೀತಿಯಿಂದ ಅಪ್ಪನ ಕೊರಳಿಗೆ ಹಾಕಿದಳು. ಅದು ಜಾರಿ ಚೀಲದ ಅಂಚಿಗೆ ತಗಲಿತು. ಜಡೆಪ್ಪ ಕೆಂಡ ತಗಲಿದವನಂತೆ ಬೆಚ್ಚಿದ.

ಎಂಟು ವರ್ಷದವನಿದ್ದಾಗ ಲಿಂಗಧಾರಣೆಯಾದ ದಿನ ಅಜ್ಜಿ ಹೇಳಿಕೊಟ್ಟಿದ್ದಳು, ಲಿಂಗ ಹೊಕ್ಕುಳಿಗಿಂತ ಕೆಳಗೆ ಇಳಿಯಬಾರದು ಅಂತ. ಶಿವದಾರವನ್ನು ಆಗಿನಿಂದಲೂ ಅಳೆದು ಕಟ್ಟಿಕೊಂಡವನು ಅವನು. ಈಗ ಕೆಳಗಿರಬೇಕಾದದ್ದೇ ಹೊಕ್ಕುಳ ಸಮಕ್ಕೆ ಏರಿ ಬಂದಿತ್ತಲ್ಲ! ಮಲಗಿದರೆ, ಬಗ್ಗಿದರೆ, ಹೊರಳಿದರೆ ಶಿವ ಹೋಗಿ ತಗಲುವುದು ಆ ಚೀಲಕ್ಕೇ. ದಾರ ಮೋಟು ಮಾಡಿ ನೋಡಿದ, ಮನಸ್ಸು ಒಪ್ಪಲಿಲ್ಲ. ಕಂಪ್ಲಿಗೆ ಮರಳಿದ ಮಾರನೆಯ ದಿನ ಬಾಗಿಲು ಹಾಕಿಕೊಂಡು, ಕರಡಿಗೆಯಿಂದ ಲಿಂಗವನ್ನು ತೆಗೆದು, ರೇಷ್ಮೆಯ ಚೂರಿನಲ್ಲಿ ಸುತ್ತಿ, ಟ್ರಂಕಿನೊಳಗೆ ತನ್ನ ಮದುವೆಯ ಪೇಟದ ಮಡಿಕೆಯಲ್ಲಿ ಬಚ್ಚಿಟ್ಟ. ಮೈಮೇಲಿನ ಲಿಂಗ ಬಿಟ್ಟು ಒಂದು ಗುಟುಕು ನೀರೂ ಕುಡಿಯಬಾರದೆಂದು ಬೆಳೆದವನು ಆ ಟ್ರಂಕಿನ ಮುಚ್ಚಳವನ್ನು ಹಾಕಿ, ಮತ್ತೆ ತೆಗೆದು ನೋಡಿ, ಮತ್ತೆ ಹಾಕಿದ. ಖಾಲಿ ಕರಡಿಗೆ ಹಗುರವಾಗಿ ಹಾರಾಡತೊಡಗಿತು. ಹೆಂಡತಿಗೆ ಗುಮಾನಿ ಬಂದೀತೆಂದು ಎಲೆಅಡಿಕೆಯ ತಟ್ಟೆಯಿಂದ ಒಂದು ಇಡೀ ಅಡಿಕೆ ತೆಗೆದು ಅದರೊಳಗೆ ಹಾಕಿ ಮುಚ್ಚಿದ.

ಅಂದಿನಿಂದ ದಿನಾ ಬೆಳಿಗ್ಗೆ ಒಂದು ನಾಟಕ. ಜಳಕ ಮಾಡಿ, ಹಣೆಗೆ ವಿಭೂತಿ ಬಳಿದು, ದೇವರ ಕೋಣೆಯ ಬಾಗಿಲು ಮುಚ್ಚಿಕೊಂಡು ಕೂರುವನು. ಎಡಗೈ ಚಾಚುವನು. ಏನೂ ಇಲ್ಲದ ಅಂಗೈ. ಅದರ ಮೇಲೆ ನೀರು ಬಿಡುವನು, ಪತ್ರಿ ಏರಿಸುವನು, ಊದುಬತ್ತಿ ಬೆಳಗುವನು. ಹೊರಗೆ ಹೆಂಡತಿಗೆ ಕೇಳಿಸಲೆಂದು ಮಂತ್ರವನ್ನು ಸ್ವಲ್ಪ ಜೋರಾಗಿಯೇ ಹೇಳುವನು. ಬೆರಳ ಸಂದಿನಿಂದ ನೀರು ಸೋರಿ ಹೋಗುವುದನ್ನು ನೋಡುತ್ತ ಅವನಿಗೆ ಎಷ್ಟು ನಾಚಿಕೆಯಾಗುತ್ತಿತ್ತೆಂದರೆ, ದೇವರ ಪಟಗಳ ಕಡೆ ಕತ್ತೆತ್ತಿ ನೋಡಲಾರದೆ ನೆಲ ನೋಡುತ್ತ ಎದ್ದು ಬರುತ್ತಿದ್ದ.

ಚೀಲದ ಕೆಲಸ ಕೊಟ್ರಬಸಮ್ಮನದು. ಆಸ್ಪತ್ರೆಯ ನರ್ಸು ಜಡೆಪ್ಪನಿಗೇ ಕಲಿಸಲು ಬಂದಿದ್ದಳು, ಅವನು ಕಣ್ಣು ಮುಚ್ಚಿಕೊಂಡ. ಕೊಟ್ರಬಸಮ್ಮ ಸೆರಗು ಸಿಕ್ಕಿಸಿಕೊಂಡು ಕಲಿತಳು. ತೆಗೆಯುವುದು, ಬಿಸಿನೀರಿನಿಂದ ಒರೆಸುವುದು, ಕೆಂಪಗೆ ಹಸಿಯಾಗಿರುವ ಕರುಳ ತುದಿಗೆ ಸರಿಯಾಗಿ ರಂಧ್ರ ಕತ್ತರಿಸಿ ಹೊಸ ಚೀಲ ಅಂಟಿಸುವುದು. ಅವಳು ಮಾಡುತ್ತಿದ್ದರೆ ಗಂಡ ಗೋಡೆಯ ಮೇಲಿನ ರೈಸ್ ಮಿಲ್ಲಿನ ಕ್ಯಾಲೆಂಡರಿನಲ್ಲಿ ಮುಳುಗಿರುವನು. ಆ ವರ್ಷದ ಅಮಾವಾಸ್ಯೆ ಹುಣ್ಣಿಮೆಗಳೆಲ್ಲ ಅವನಿಗೆ ಬಾಯಿಪಾಠ. ಡಿಸ್ಚಾರ್ಜ್ ಆಗುವಾಗ ಕೊಟ್ಟ ಕೈಗವಸಿನ ಡಬ್ಬಿಯನ್ನು ಅವಳು ಒಡೆಯಲೇ ಇಲ್ಲ.

"ಕೂಸಿನ ಅರಿವಿ ಬದಲ್ಸಾಕ ಯಾರಾರ ಕೈಗೆ ಚೀಲ ಹಾಕ್ಕೊಂತಾರೇನು?" ಎಂದು ಅದನ್ನು ಅಟ್ಟದ ಮೇಲೆ ಎಸೆದಳು.

ಕೆಲಸ ಮುಗಿಸಿ, ಜಳಕ ಮಾಡಿ, ತನ್ನ ಲಿಂಗಪೂಜೆ ಮಾಡಿಕೊಂಡು, ರೊಟ್ಟಿ ಬಡಿಯಲು ಕೂರುವಳು. ಆ ರೊಟ್ಟಿಯನ್ನು ಜಡೆಪ್ಪ ತಿನ್ನುವನು. ಇದರಲ್ಲಿ ಯೋಚಿಸುವಂಥದ್ದು ಏನಾದರೂ ಇದೆ ಎಂದು ಅವನಿಗೆ ಹೊಳೆಯಲಿಲ್ಲ.

ಬಿಳಿ ಪಂಚೆಗಳು ಕಪಾಟು ಸೇರಿದವು. ಕಡುಬಣ್ಣದ ಚೌಕಳಿ ಲುಂಗಿ ಬಂತು. ಜಡೆಪ್ಪ ಹೊರಗೆ ಹೋಗುವುದನ್ನು ಬಿಟ್ಟ. ಚೀಲಕ್ಕೆ ಹೊತ್ತು ಗೊತ್ತಿಲ್ಲ, ಮರ್ಯಾದೆಯಂತೂ ಮೊದಲೇ ಇಲ್ಲ. ಯಾರೋ ಬಂದು ಕೂತಾಗಲೇ ಪುರ್ರೆಂದು ಸದ್ದು ಮಾಡುವುದು. ಒಮ್ಮೆ ಮಿಲ್ಲಿನ ಮಾಲೀಕ ಹುಲುಗೇಶ್ ಮಾತಾಡಿಸಿಕೊಂಡು ಹೋಗಲು ಬಂದಿದ್ದಾಗ ಸರಿಯಾಗಿ ಹಾಗಾಯಿತು. ಜಡೆಪ್ಪನ ಮುಖ ಸುಟ್ಟ ಬದನೆಕಾಯಿಯಾಯಿತು, ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಅಷ್ಟರಲ್ಲಿ ಅಡಿಗೆಮನೆಯಲ್ಲಿ ಸ್ಟೀಲ್ ತಟ್ಟೆಗಳು ಢಣಢಣನೆ ಬಿದ್ದವು. "ಹಾಳಾದ ಬೆಕ್ಕು!" ಎಂದು ಕೊಟ್ರಬಸಮ್ಮ ಕೂಗಿದಳು. ಅವರ ಮನೆಯಲ್ಲಿ ಬೆಕ್ಕೇ ಇರಲಿಲ್ಲ. ಆಮೇಲೆ ಯಾರು ಬಂದರೂ ಅವಳು ತಟ್ಟೆ ಹಿಡಿದುಕೊಂಡು ಬಾಗಿಲ ಹಿಂದೆ ತಯಾರಾಗಿ ನಿಂತಿರುತ್ತಿದ್ದಳು.

ಕೀಮೋದ ಸುತ್ತುಗಳು ಮುಗಿದವು. ಮತ್ತೆ ಸ್ಕ್ಯಾನ್ ಆಯಿತು. ಲಿವರಿನ ಕಲೆಗಳು ಚೆನ್ನಾಗಿ ಕುಗ್ಗಿವೆ ಎಂದು ಡಾಕ್ಟರು ಕಾವ್ಯಳಿಗೆ ಸಂತೋಷದಿಂದ ಹೇಳಿದರು. ಹುಬ್ಬಳ್ಳಿಗೆ ಬರೆದುಕೊಡುತ್ತೇವೆ, ಅಲ್ಲಿ ಲಿವರಿನ ಆ ತುಂಡನ್ನು ತೆಗೆಯುತ್ತಾರೆ, ಉಳಿದದ್ದು ತಾನಾಗಿ ಬೆಳೆದುಕೊಳ್ಳುತ್ತದೆ, ಎಲ್ಲ ಸರಿಹೋದರೆ ಮುಂದೆ ಕರುಳನ್ನೂ ಒಳಗೆ ಜೋಡಿಸಿ ಚೀಲ ತೆಗೆಯಬಹುದು. ಆದರೆ ತಡ ಮಾಡಬೇಡಿ, ಮತ್ತೆ ಹರಡಿದರೆ ಆಮೇಲೆ ಯಾರೂ ಕೈ ಹಾಕುವುದಿಲ್ಲ.

ಇಷ್ಟು ಒಳ್ಳೆಯ ಸುದ್ದಿಯನ್ನು ಹೇಳುವುದು ಹೇಗೆಂದೇ ಕಾವ್ಯಳಿಗೆ ತಿಳಿಯಲಿಲ್ಲ. ಕುಗ್ಗಿದೆ ಎಂದರೆ ಮೊದಲೇ ಇತ್ತು ಎಂದಾಗುತ್ತದೆ, ಇಷ್ಟು ದಿನ ಸುಳ್ಳು ಹೇಳಿದಿರಾ ಎಂದು ಅಪ್ಪ ಕೇಳುತ್ತಾನೆ. ಆಸ್ಪತ್ರೆಯ ಹೊರಗಿನ ಬೇವಿನ ಮರದ ಕೆಳಗೆ ಅಪ್ಪನನ್ನು ಕೂರಿಸಿಕೊಂಡು, "ಅಪ್ಪಾ, ಲಿವರಿನಾಗೂ ಎರಡು ಸಣ್ಣ ಕಲಿ ಈಗ ಕಂಡಾವ. ಹುಬ್ಬಳ್ಳ್ಯಾಗ ಒಂದು ಆಪರೇಷನ್ ಮಾಡಿದ್ರ ಹೋಗ್ತಾವಂತ" ಎಂದುಬಿಟ್ಟಳು.

ಈಗ ಕಂಡಾವ. ಜಡೆಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಕರುಳಿನ ಗಂಟು ಬಂದಾಗ ಕೊರಳಲ್ಲಿ ಲಿಂಗವಿತ್ತು, ಅದು ಯಾವುದೋ ಕರ್ಮ ಎಂದುಕೊಳ್ಳಬಹುದು. ಈಗ ಬಂದದ್ದು? ಕೊರಳಲ್ಲಿ ಅಡಿಕೆ ಕಟ್ಟಿಕೊಂಡು, ಖಾಲಿ ಅಂಗೈಗೆ ಪತ್ರಿ ಏರಿಸಿ ಶಿವನಿಗೆ ಟೋಪಿ ಹಾಕಿದ ಮೇಲೆ ಬಂದದ್ದು! ಇದಕ್ಕಿಂತ ಸ್ಪಷ್ಟವಾಗಿ ಶಿವ ಇನ್ನು ಹೇಗೆ ಹೇಳಬೇಕು? ಅವನು ಕರಡಿಗೆಯನ್ನು ಅಂಗಿಯೊಳಗೆ ತಳ್ಳಿ ಗುಂಡಿ ಹಾಕಿಕೊಂಡ.

"ಆಪರೇಷನ್ ಬ್ಯಾಡ" ಎಂದ.

"ಯಾಕಪ್ಪಾ?"

"ಬ್ಯಾಡ ಅಂದ್ರ ಬ್ಯಾಡ. ಕೇಳಬ್ಯಾಡ."

ಮನೆಗೆ ಬಂದ ಮೇಲೂ ಅದೇ ಪಲ್ಲವಿ. ಕೊಟ್ರಬಸಮ್ಮ ಬೇಡಿಕೊಂಡಳು, ಬೈದಳು, ಒಂದು ಹೊತ್ತು ಉಣ್ಣದೆ ಕೂತಳು. ಹುಬ್ಬಳ್ಳಿಯವರು ಕೊಟ್ಟ ತಾರೀಖು ಹತ್ತಿರ ಬರುತ್ತಿತ್ತು. ಕೊಯ್ಯುವುದಕ್ಕೆ ಹೆದರಿದ್ದಾನೆ ಎಂದು ಎಲ್ಲರೂ ತಿಳಿದರು. ಅವನು ಹೆದರಿದ್ದು ಅದಕ್ಕಲ್ಲ. ಹುಬ್ಬಳ್ಳಿಯ ಟೇಬಲ್ಲಿನ ಮೇಲೆ ಸತ್ತರೆ ಯಾರೋ ಕರಡಿಗೆ ಬಿಚ್ಚುತ್ತಾರೆ, ಅಡಿಕೆ ಉರುಳುತ್ತದೆ, ಅಂಗೈಯಲ್ಲಿ ಲಿಂಗವಿಟ್ಟು ಹೂಳುವ ಕ್ರಿಯಾಸಮಾಧಿಗೆ ಊರಿನವರು ಲಿಂಗವಿಲ್ಲದ ಹೆಣವನ್ನು ಕೂರಿಸಬೇಕಾಗುತ್ತದೆ. ಬದುಕಿದರೂ ಯಾವ ಮುಖ ಹೊತ್ತು ಬದುಕಬೇಕು? ಸುಮ್ಮನೆ ಮನೆಯಲ್ಲಿ ಸೊರಗಿ ಹೋಗುವುದೇ ಸರಿ. ಹೀಗೆ ನಾಚಿಕೆಯ ಲೆಕ್ಕಾಚಾರದಲ್ಲಿ ತನ್ನ ಜೀವವನ್ನೇ ಕೈಬಿಡಲು ಮನುಷ್ಯ ತಯಾರಾಗಿದ್ದ.

ಕೊನೆಗೆ ಕೊಟ್ರಬಸಮ್ಮ ಮನೆತನದ ಅಯ್ಯನವರಾದ ಕೊಟ್ರಯ್ಯನವರಿಗೆ ಹೇಳಿ ಕಳಿಸಿದಳು. ಅವರೇನು ಮಹಾ ಪಂಡಿತರಲ್ಲ. ಹಳೆಯ ಟಿವಿಎಸ್ ಮೊಪೆಡ್ಡಿನಲ್ಲಿ ಮನೆಮನೆಗೆ ಹೋಗಿ ಪಾದಪೂಜೆ ಮಾಡಿಸಿಕೊಂಡು, ಹೋಳಿಗೆ ಇದ್ದರೆ ಇನ್ನೆರಡು ಕೇಳಿ ಹಾಕಿಸಿಕೊಂಡು, ಮಾತಾಡಿಸಿ ಬರುವ ಮನುಷ್ಯ. ಆದರೆ ಜಡೆಪ್ಪ ಅವರ ಮಾತು ಮೀರುವುದಿಲ್ಲವೆಂದು ಅವಳ ಆಸೆ. ಕಾವ್ಯಳೂ ಹೊಸಪೇಟೆಯಿಂದ ಬಂದಳು.

ಅಯ್ಯನವರು ಮಣೆಯ ಮೇಲೆ ಕೂತರು. ಪಾದ ತೊಳೆದದ್ದಾಯಿತು. "ಲಿಂಗ ಅಂಗೈಯಾಗ ತಗೊರ್ರಿ ಎಲ್ಲಾರೂ. ಪೂಜಿ ಮಾಡಿ ಪಾದೋದಕ ತಗೊಂಡು, ಆಮ್ಯಾಲೆ ಮಾತಾಡೋಣು" ಎಂದರು.

ಕೊಟ್ರಬಸಮ್ಮ ತನ್ನ ಲಿಂಗ ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡಳು. ಕಾವ್ಯ ಇಟ್ಟುಕೊಂಡಳು. ಜಡೆಪ್ಪ ಅಲ್ಲಾಡಲಿಲ್ಲ.

"ಹೂಂ, ತಗಿಯಪ್ಪಾ ಜಡೆಪ್ಪ."

"ಆಮ್ಯಾಲೆ ಮಾಡ್ಕೊಂತೀನ್ರೀ ಅಯ್ಯನೋರ."

"ಆಮ್ಯಾಲೆ ಎಂಥಾದ್ದು? ಹೋಳಿಗಿ ಆರಾಕತ್ತಾವು" ಎಂದು ಕೊಟ್ರಯ್ಯನವರು ನಗುತ್ತ ಬಗ್ಗಿ ತಾವೇ ಕರಡಿಗೆಯ ಮುಚ್ಚಳ ತಿರುವಿದರು. ತಡೆಯಲು ಜಡೆಪ್ಪ ಕೈ ಎತ್ತಿದ. ಆ ಎಳೆದಾಟದಲ್ಲಿ ಅಡಿಕೆ ಹಾರಿ ನೆಲಕ್ಕೆ ಬಿದ್ದು, ಟಣಟಣ ಪುಟಿದು, ಉರುಳಿಕೊಂಡು ಹೋಗಿ ಅಯ್ಯನವರ ಪಾದದ ಬಳಿ ನಿಂತಿತು.

ಕೊಟ್ರಯ್ಯನವರು ಅದನ್ನು ಎತ್ತಿ ಕಣ್ಣ ಹತ್ತಿರ ಹಿಡಿದು ನೋಡಿದರು. "ಇದು ಅಡಕಿ" ಎಂದರು, ಪಾಪ, ಬೇರೇನು ಹೇಳಬೇಕೋ ತಿಳಿಯದೆ.

ಜಡೆಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಅವನ ಬೆನ್ನು ಅಲುಗುತ್ತಿತ್ತು. ಕೈಗಳ ಹಿಂದಿನಿಂದಲೇ ಎಲ್ಲವನ್ನೂ ಹೇಳಿದ. "ಈ ಹೊಲಸಿನ ಪಕ್ಕದಾಗ ಶಿವನ್ನ ಹೆಂಗ ಇಟ್ಕೊಳ್ಳಿ ಅಯ್ಯನೋರ? ಟ್ರಂಕಿನಾಗ ಇಟ್ಟೆ. ದಿನಾ ಬರೇ ಕೈಗೆ ಪೂಜಿ ಮಾಡಿದೆ. ಶಿವನಿಗೆ ಮೋಸ ಮಾಡಿದೆ, ಅದಕ್ಕ ಲಿವರಿಗೂ ಬಂತು. ಇನ್ನ ನಂಗ ಯಾವ ಆಪರೇಷನ್ನೂ ಬ್ಯಾಡ್ರಿ."

ಕಾವ್ಯಳ ಮುಖ ಬಿಳಿಚಿಕೊಂಡಿತು. "ಅಪ್ಪಾ, ಅದು ಈಗ ಬಂದಿದ್ದಲ್ಲ" ಎಂದಳು. "ಮೊದಲ ಆಪರೇಷನ್ ಆದ ದಿನಾನ ಡಾಕ್ಟ್ರು ಹೇಳಿದ್ರು, ಲಿವರಿನಾಗ ಐತಿ ಅಂತ. ನೀ ಎದಿ ಒಡಕೊಂತಿ ಅಂತ ನಾನು, ಅವ್ವ ಮುಚ್ಚಿಟ್ವಿ. ಈಗ ಕಂಡಾವ ಅಂದಿದ್ದು ಸುಳ್ಳಪ್ಪ. ಈಗ ಅವು ಸಣ್ಣವಾಗ್ಯಾವ. ಅಡಕಿಗೂ ಅದಕ್ಕೂ ಏನೂ ಸಂಬಂಧ ಇಲ್ಲ."

ಜಡೆಪ್ಪ ಕೈ ಕೆಳಗಿಳಿಸಿ ಮಗಳನ್ನು ನೋಡಿದ. ಕೊಟ್ರಯ್ಯನವರಿಗೆ ಈಗ ಮಾತು ಸಿಕ್ಕಿತು. "ನೋಡು ಜಡೆಪ್ಪ, ಲಿಂಗ ಕಟ್ಟಿಕೊಂಡೋರಿಗೆ ಮೈಲಿಗಿ ಇಲ್ಲ ಅಂತ ಹಿರೇರು ಹೇಳ್ಯಾರ. ನಿಂದು ಹೊರಗ ಚೀಲದಾಗ ಐತಿ, ನಂದು ಒಳಗ ಐತಿ. ಅಷ್ಟ ಫರಕು. ನನ್ನ ಹೊಟ್ಟ್ಯಾಗ ಏನು ಗಂಧ ತೇಯ್ದು ತುಂಬೀನೇನು?" ಎಂದರು.

ಕಾವ್ಯಳಿಗೆ ಅಳುವಿನ ನಡುವೆಯೂ ನಗು ಬಂತು. ಜಡೆಪ್ಪನ ಎದೆಯ ಮೇಲಿನ ಕಲ್ಲು ಸರಿದಂತಾಯಿತು. ಆಗ ಹೆಂಡತಿಯ ಕಡೆ ನೋಡಿದ. ಅವಳು ನಗುತ್ತಿರಲಿಲ್ಲ. ಅಂಗೈಯಲ್ಲಿದ್ದ ತನ್ನ ಲಿಂಗವನ್ನು ನೋಡುತ್ತ ಕೂತಿದ್ದಳು.

"ಅಲ್ರೀ," ಎಂದಳು ನಿಧಾನವಾಗಿ, "ಇಷ್ಟು ದಿನ ನಿಮ್ಮ ಚೀಲ ತಗದಿದ್ದು ಯಾವ ಕೈ? ಇದ ಕೈ. ತಗದು, ಒರೆಸಿ, ಜಳಕ ಮಾಡಿ ಬಂದು ನಾನು ಲಿಂಗ ಇಟ್ಕೊಂಡಿದ್ದು ಯಾವ ಕೈಯಾಗ? ಇದ ಕೈಯಾಗ. ನಿಮ್ಮ ಹತ್ರ ಇದ್ರ ಶಿವನಿಗೆ ಮೈಲಿಗಿ ಅಂದ್ರ, ನನ್ನ ಕೈಯಾಗಿನ ಶಿವ ಏನಾದ? ಹೊಲಸು ಕೈಲೇ ಪೂಜಿ ಮಾಡಾಕತ್ಯಾಳ ಅಂತ ನೋಡ್ಕೊಂತ ಕುಂತಿದ್ರೇನು? ಇದ ಕೈಲೇ ಬಡಿದ ರೊಟ್ಟಿ ಹೆಂಗ ಉಂಡ್ರಿ ಮತ್ತ?"

ನಾಚಿಕೆಯನ್ನು ತಾನು ಚೆನ್ನಾಗಿ ಬಲ್ಲೆ ಎಂದು ಜಡೆಪ್ಪ ತಿಳಿದಿದ್ದ. ಮದುವೆಮನೆಯ ವಾಂತಿ, ಪಂಚೆಯ ಕಲೆ, ಹುಲುಗೇಶನ ಎದುರಿನ ಸದ್ದು, ಅವೆಲ್ಲ ಜನ ನೋಡಿದರೆಂಬ ನಾಚಿಕೆ. ಇದು ಬೇರೆ. ಅವಳ ಕೈಯ ನೆನಪೇ ತನಗೆ ಬರಲಿಲ್ಲವಲ್ಲ! ತನ್ನ ಮಡಿ, ತನ್ನ ಶಿವ, ತನ್ನ ಮಾನ ಎಂದು ಟ್ರಂಕು ಮುಚ್ಚಿದ ದಿನವೂ ಆ ಕೈ ತನ್ನ ಹೊಟ್ಟೆಯ ಮೇಲೇ ಕೆಲಸ ಮಾಡುತ್ತಿತ್ತು, ತಾನು ಕ್ಯಾಲೆಂಡರ್ ಓದುತ್ತಿದ್ದ. ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಚೀಲ ಕಂಡೂ ಇಷ್ಟು ಹೇಸಿಗೆಯಾಗಿರಲಿಲ್ಲ.

ಕೊಟ್ರಬಸಮ್ಮ ಎದ್ದು ಅಡಿಗೆಮನೆಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಜಡೆಪ್ಪ ಹಿಂದೆಯೇ ಹೋಗಿ ನೋಡಿದರೆ, ನಲ್ಲಿಯ ಕೆಳಗೆ ಸೋಪು ಹಚ್ಚಿ ಕೈ ತೊಳೆಯುತ್ತಿದ್ದಳು. ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದಳು. ಅವನು ಬಾಗಿಲಲ್ಲಿ ನಿಂತೇ ಇದ್ದ, ಅವಳು ತಿರುಗಿ ನೋಡಲಿಲ್ಲ.

ಅಂದೇ ಟ್ರಂಕು ತೆಗೆದು ಲಿಂಗವನ್ನು ಕರಡಿಗೆಗೆ ತಂದ. "ಹುಬ್ಬಳ್ಳಿಗೆ ಹೋಗೋಣು" ಎಂದ. ಕೊಟ್ರಬಸಮ್ಮ "ಹೂಂ" ಎಂದಳು, ಅಷ್ಟೇ. ಮಾರನೆಯ ಬೆಳಿಗ್ಗೆ ಚೀಲ ಬದಲಿಸಲು ಬಂದಾಗ ಅವಳ ಕೈಗಳಿಗೆ ಅಟ್ಟದ ಮೇಲಿನ ಡಬ್ಬಿಯ ಕೈಗವಸುಗಳಿದ್ದವು. ಜಡೆಪ್ಪ ಮೊದಲ ಸಲ ಕ್ಯಾಲೆಂಡರ್ ಬಿಟ್ಟು ಅವಳ ಕೆಲಸವನ್ನು ನೋಡಿದ. ರಬ್ಬರಿನ ಬೆರಳುಗಳು ಚೊಕ್ಕವಾಗಿ, ಜಲ್ದಿ ಜಲ್ದಿ ಕೆಲಸ ಮುಗಿಸಿದವು. ನಾಲ್ಕು ಮಾತು ಬೈದಿದ್ದರೂ ಅವನಿಗೆ ಸಮಾಧಾನವಾಗುತ್ತಿತ್ತು. ಅವಳು ಬೈಯಲಿಲ್ಲ. ಹುಬ್ಬಳ್ಳಿಗೆ ಹೊರಡುವ ದಿನದವರೆಗೂ ಹಾಗೇ ನಡೆಯಿತು, ಅವನು "ಅದು ಬ್ಯಾಡ, ತಗಿ" ಎಂದು ಹೇಳಲು ಬಾಯಿ ತೆರೆದು ತೆರೆದು ಮುಚ್ಚಿಕೊಂಡ. ಹೇಳುವ ಹಕ್ಕು ತನಗೆಲ್ಲಿದೆ?

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಆಪರೇಷನ್ನಿನ ಬೆಳಿಗ್ಗೆ ಹಸಿರು ಗೌನು ತೊಡಿಸಿ ಸ್ಟ್ರೆಚರಿನ ಮೇಲೆ ಮಲಗಿಸಿದರು. ಅಕ್ಕಪಕ್ಕದ ಮಂಚಗಳ ರೋಗಿಗಳು, ಅವರ ಮನೆಯವರು ಎಲ್ಲ ನೋಡುತ್ತಿದ್ದರು. ಗೌನಿನ ಕೆಳಗೆ ಚೀಲ ಉಬ್ಬಿಕೊಂಡು ಕಾಣುತ್ತಿತ್ತು.

"ಕೊಳ್ಳಾಗಿಂದು ತಗದು ಮನಿಯವರ ಕೈಯಾಗ ಕೊಡ್ರಿ ಅಜ್ಜಾರ" ಎಂದಳು ನರ್ಸು.

ಕಾವ್ಯ ಪರ್ಸು ತೆರೆದು ಮುಂದೆ ಬಂದಳು. ಜಡೆಪ್ಪ ಬೇಡವೆಂದು ತಲೆಯಾಡಿಸಿ, ಕರಡಿಗೆಯ ಮುಚ್ಚಳ ತಿರುವಿ, ಲಿಂಗವನ್ನು ಹೊರಗೆ ತೆಗೆದ. ಹೆಂಡತಿಯ ಕಡೆ ಚಾಚಿದ.

"ನಾ ಹೊರಗ ಬರೋ ಮಟ ನಿನ್ನ ಕೈಯಾಗ ಇರಲಿ" ಎಂದ.

ಕೊಟ್ರಬಸಮ್ಮ ಕೈ ಮುಂದೆ ಮಾಡಲಿಲ್ಲ. "ತಡೀರಿ," ಎಂದಳು, "ಕೈ ತೊಳ್ಕೊಂಡು ಬರ್ತೀನಿ."

ಅವಳು ತಿರುಗುವಷ್ಟರಲ್ಲಿ ಜಡೆಪ್ಪ ಸ್ಟ್ರೆಚರಿನಿಂದ ಅರ್ಧ ಎದ್ದು ಅವಳ ಎಡಗೈ ಹಿಡಿದುಕೊಂಡ. ಬೆಳಿಗ್ಗೆ ಅವಳೇ ಚೀಲ ಬದಲಿಸಿದ್ದಳು, ಕೈಗವಸಿನ ಡಬ್ಬಿಯನ್ನು ಕಂಪ್ಲಿಯಲ್ಲೇ ಮರೆತು ಬಂದು, ಬರಿಗೈಯಲ್ಲೇ. ಲಿಂಗವನ್ನು ಆ ಅಂಗೈಯ ನಡುವೆ ಇಟ್ಟು, ಅವಳ ಕೈಯನ್ನು ಎರಡೂ ಕೈಯಲ್ಲಿ ಎತ್ತಿ, ಪೂಜೆ ಮುಗಿದ ಮೇಲೆ ಲಿಂಗವನ್ನು ಒತ್ತಿಕೊಳ್ಳುವ ಹಾಗೆಯೇ, ಮೊದಲು ಒಂದು ಕಣ್ಣಿಗೆ, ಆಮೇಲೆ ಇನ್ನೊಂದು ಕಣ್ಣಿಗೆ ಒತ್ತಿಕೊಂಡ. ಇಡೀ ವಾರ್ಡು ನೋಡುತ್ತಿತ್ತು. ನೋಡಲಿ ಎಂದುಕೊಂಡ.

"ತೊಳೀಬ್ಯಾಡ" ಎಂದ.

ಅವಳ ಕೈ ಒದ್ದೆಯಾಗಿತ್ತು. ಸ್ಟ್ರೆಚರು ಮುಂದೆ ಸರಿಯಿತು. ಬಾಗಿಲು ಮುಚ್ಚಿಕೊಳ್ಳುವವರೆಗೂ ಜಡೆಪ್ಪ ಕತ್ತು ತಿರುಗಿಸಿ ನೋಡುತ್ತಲೇ ಇದ್ದ. ಕೊಟ್ರಬಸಮ್ಮ ಬೆರಳು ಮಡಚಿ ಆ ಕೈಯನ್ನು ಎದೆಗೆ ಹಿಡಿದುಕೊಂಡು ಅಲ್ಲೇ ನಿಂತಿದ್ದಳು.